ಸ್ಟುಡಿಯೋ ಬಾಗಿಲಿನ ತಟ್ಟೆ

ನಮ್ಮ ರೇಡಿಯೋ ಸ್ಟೇಷನ್ನಿನ ದೊಡ್ಡ ಸ್ಟುಡಿಯೋ ಬಾಗಿಲಲ್ಲಿ ಒಂದು ಸ್ಟೀಲ್ ತಟ್ಟೆ ಇತ್ತು. ಒಳಗೆ ಹೋಗುವವರು ಎಷ್ಟೇ ದೊಡ್ಡ ಮನುಷ್ಯರಾಗಲಿ, ಸದ್ದು ಮಾಡುವ ಸಾಮಾನನ್ನೆಲ್ಲ ಅದರಲ್ಲಿ ಹಾಕಿಯೇ ಹೋಗಬೇಕು. ಕೈಗಡಿಯಾರ, ಬಳೆ, ಬೀಗದ ಕೈ ಗೊಂಚಲು, ಜೇಬಿನ ಚಿಲ್ಲರೆ, ಸರಪಳಿ ಹಾಕಿದ ಕನ್ನಡಕ. ಹಾಕುವಾಗಲೂ ಸದ್ದಾಗಬಾರದು ಅಂತ ತಟ್ಟೆಗೆ ದಪ್ಪ ಬಟ್ಟೆ ಹಾಸಿರುತ್ತಿತ್ತು. ಆ ತಟ್ಟೆ ತಂದಿಟ್ಟವರು ಅಕ್ಕ. ಹಿಡಿದುಕೊಂಡು ನಿಲ್ಲುತ್ತಿದ್ದವನು ನಾನು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಬೇರೆ ಊರುಗಳಿಂದ ಬಂದ ಸಂಗೀತಗಾರರನ್ನು ಮಾತಾಡಿಸುವ ಕಾರ್ಯಕ್ರಮ ನಡೆಸುತ್ತಿದ್ದವರು. ವಾರಕ್ಕೊಂದು ದಿನ, ಸಂಜೆ ಐದು ಗಂಟೆಗೆ, ಅರ್ಧ ತಾಸು, ನೇರ ಪ್ರಸಾರ. ಇಪ್ಪತ್ತಾರು ವರ್ಷ ನಡೆಸಿದರು. ಮೊದಲು ಬಂದದ್ದು ಟೈಪಿಸ್ಟ್ ಆಗಿ. ಟೈಪ್ ಮಾಡುವಾಗ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ಅವರಿಗೆ. ಪಕ್ಕದ ಮೇಜಿನವರು ತಲೆನೋವು ಅಂತ ದೂರು ಕೊಟ್ಟರು. ವಿಚಾರಿಸಲು ಬಂದ ಆಗಿನ ಸಾಹೇಬರು ಬಾಗಿಲಲ್ಲೇ ನಿಂತು ಎರಡು ಪುಟ ಕೇಳಿದರು. ಮಾರನೇ ವಾರ ಅಕ್ಕನನ್ನು ಮೈಕಿನ ಮುಂದೆ ಕೂರಿಸಿದರು. ದೂರು ಕೊಟ್ಟವರಿಗೆ ಟೈಪಿಂಗ್ ಕೆಲಸ ಎರಡರಷ್ಟಾಯಿತು.

ಅವರ ಯಜಮಾನರಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಂಗೀತದ ಗಂಧಗಾಳಿ ಇಲ್ಲ. "ನೀನು ನಮಸ್ಕಾರ ಅಂದಾಗ ಒಲೆ ಹಚ್ತೀನಿ, ನೀನು ಮನೆ ಮುಟ್ಟೋ ಹೊತ್ತಿಗೆ ಅಡುಗೆ ಆಗಿರತ್ತೆ. ನನಗೆ ನಿನ್ನ ಕಾರ್ಯಕ್ರಮದಿಂದ ಅಷ್ಟೇ ಲಾಭ" ಅನ್ನೋರು. ಅಕ್ಕನ ಅತ್ತೆಗೆ ಓಡಾಡಲು ಆಗುತ್ತಿರಲಿಲ್ಲ. ಮಂಚದ ಮೇಲೆ ಕೂತು ರೇಡಿಯೋ ಜೊತೆಗೇ ಜಗಳ ಮಾಡೋರು. ಸೊಸೆ ಮನೆಗೆ ಬಂದ ತಕ್ಷಣ ಒಂದೇ ಮಾತು: "ಅಷ್ಟು ಹೊತ್ತು ಹಾಡಿಸಿದೆಯಲ್ಲ, ಆಯಪ್ಪನಿಗೆ ಒಂದು ಲೋಟ ನೀರು ಕೊಟ್ಟೆಯೇನೇ?"

ನೀರು ಕೊಡುತ್ತಿದ್ದರು. ನೀರು ಒಂದೇ ಅಲ್ಲ. ಬಂದವರು ಕೂರುವ ತನಕ ಅಕ್ಕ ಕೂರುತ್ತಿರಲಿಲ್ಲ. ಒಬ್ಬ ಹಾಡುಗಾರ್ತಿ ತನ್ನ ದಿಂಬು ಬಿಟ್ಟು ಬೇರೆ ಯಾವುದರ ಮೇಲೂ ಕೂರಲ್ಲ ಅಂದು, ದಿಂಬು ವಸತಿಗೃಹದಲ್ಲೇ ಮರೆತು ಬಂದಿದ್ದಳು. ನಾನು ಸೈಕಲ್ ತುಳಿದು ತಂದು ಕೊಟ್ಟೆ, ಬೈಯುತ್ತಾ ಬೈಯುತ್ತಾ. ಆ ಹದಿನೈದು ನಿಮಿಷವೂ ಅಕ್ಕ ನಿಂತೇ ಇದ್ದರು. ಇನ್ನೊಮ್ಮೆ ಹೊರದೇಶದ ನಾಲ್ಕು ಜನ ತಂತಿವಾದ್ಯದವರು ಬಂದರು. ನಮ್ಮ ಮಾತು ಅವರಿಗೆ ಬಾರದು, ಅವರದು ನಮಗೆ ಬಾರದು, ನಡುವೆ ನಿಂತು ಹೇಳಬೇಕಾದವನು ಕೈಕೊಟ್ಟ. ಅಕ್ಕ ಅವರವರ ವಾದ್ಯದ ಒಂದೊಂದು ಭಾಗ ಮುಟ್ಟಿ ತೋರಿಸುತ್ತಾ ಹೋದರು, ಅವರು ನುಡಿಸುತ್ತಾ ಹೋದರು. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ನನ್ನ ಕೆಲಸ ಬಾಗಿಲು. ಮೇಲೆ ಕೆಂಪು ದೀಪ ಹತ್ತಿತು ಅಂದರೆ ಒಳಗಿನ ಉಸಿರೂ ಊರಿಗೆಲ್ಲ ಕೇಳುತ್ತದೆ. ಆಮೇಲೆ ಬಾಗಿಲ ಹಿಡಿಗೆ ಕೈ ಹಾಕಿದವರನ್ನು ನಾನು ಬಿಟ್ಟವನಲ್ಲ. ಒಮ್ಮೆ ಸ್ಟೇಷನ್ ಸಾಹೇಬರ ಕೈಯನ್ನೇ ಹಿಡಿದು ಹಿಂದಕ್ಕೆಳೆದಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಅಕ್ಕ ಇಟ್ಟ ಹೆಸರು ಬೆಂಕಿಪೊಟ್ಟಣ. "ಬೆಂಕಿಪೊಟ್ಟಣ ಎಲ್ಲಿ, ಬಾಗಿಲು ಹಾಕೋಕೆ ಹೇಳಿ" ಅಂತ ಮೈಕಿನಲ್ಲೇ ಕೇಳೋರು.

ಕೊಳಲಿನ ಮೇಷ್ಟ್ರು ಬಂದ ದಿನದ ಮಾತು ಹೇಳುತ್ತೇನೆ. ಎಪ್ಪತ್ತು ದಾಟಿದವರು, ನೆಟ್ಟಗಿನ ಬೆನ್ನು, ಬಿಳಿ ಮೀಸೆ. ಮಗಳು ಕೊಳಲಿನ ಚೀಲ ಹಿಡಿದುಕೊಂಡು ಜೊತೆಗೆ ಬಂದಿದ್ದಳು. ಮಾರನೇ ದಿನ ಸಂಜೆ ಪುರಭವನದಲ್ಲಿ ಅವರ ಕಛೇರಿ. ತಟ್ಟೆಗೆ ಗಡಿಯಾರ ಹಾಕಿದರು, ಸರಪಳಿಯ ಕನ್ನಡಕ ಹಾಕಿದರು, ಒಳಗೆ ಹೋಗಿ ಕೂತರು. ಮಗಳು ಚೀಲವನ್ನು ಅವರ ಪಕ್ಕದಲ್ಲಿಟ್ಟು ನೀರು ತರಲು ಕೆಳಗೆ ಹೋದಳು. ಅಕ್ಕ ಪ್ರಶ್ನೆಗಳ ಹಾಳೆಗೆ ರುಜು ಹಾಕಿಸಲು ಸಾಹೇಬರ ಕೋಣೆಗೆ ಹೋಗಿದ್ದರು. ಮೊದಲೇ ಬರೆದು ಒಪ್ಪಿಗೆ ಪಡೆದ ಪ್ರಶ್ನೆಗಳನ್ನೇ ಕೇಳಬೇಕು ಅನ್ನುವುದು ಆ ಸಾಹೇಬರ ಹೊಸ ಕಾನೂನು.

ಐದಕ್ಕೆ ಏಳು ನಿಮಿಷ ಇದೆ ಅನ್ನುವಾಗ ಧ್ವನಿ ಕೋಣೆಯ ಎಂಜಿನಿಯರ್ ಕೂಗಿದ: "ಒಳಗೆ ಏನೋ ಕುಂಯ್ ಅಂತಿದೆ, ನೋಡಯ್ಯ." ಹೋಗಿ ನೋಡಿದೆ. ಫ್ಯಾನಿಲ್ಲ, ಏನಿಲ್ಲ. ಬಂದೆ. ಮತ್ತೆ ಕುಂಯ್. ಮತ್ತೆ ಹೋದೆ. ಮೂರನೇ ಸಲಕ್ಕೆ ನನ್ನ ತಾಳ್ಮೆ ತಪ್ಪಿತು.

"ಏನ್ರೀ ಮೇಷ್ಟ್ರೇ, ಸದ್ದು ಮಾಡೋದೆಲ್ಲ ತಟ್ಟೆಗೆ ಹಾಕಿ ಅಂತ ಹೊರಗೇ ಬಡ್ಕೊಂಡೆನಲ್ಲ! ಜೇಬಲ್ಲಿ ಏನಿಟ್ಟುಕೊಂಡಿದ್ದೀರಿ? ಇಷ್ಟು ವಯಸ್ಸಾಗಿದೆ, ಒಂದು ಮಾತು ಹೇಳಿದ್ರೆ ತಿಳಿಯಲ್ವಾ? ಕಿವಿ ಇಲ್ವಾ ನಿಮಗೆ?"

ಅವರ ಮುಖ ಕಪ್ಪಿಟ್ಟಿತು. ಗೋಡೆ ಕಡೆ ತಿರುಗಿ, ಕರ್ಚೀಫಿನಲ್ಲಿ ಏನನ್ನೋ ಸುತ್ತಿ ನನ್ನ ಕೈಲಿದ್ದ ತಟ್ಟೆಯಲ್ಲಿಟ್ಟರು. ನಾನು ಬಿಚ್ಚಿ ನೋಡಲಿಲ್ಲ. ಕುಂಯ್ ನಿಂತಿತಲ್ಲ, ನನಗಷ್ಟೇ ಬೇಕಾಗಿತ್ತು. ಅಕ್ಕ ಓಡಿ ಬಂದು ಕೂತರು, ನಾನು ಬಾಗಿಲು ಹಾಕಿದೆ, ಕೆಂಪು ದೀಪ ಹತ್ತಿತು.

ಬಾಗಿಲ ಪಕ್ಕ ಒಂದು ದಪ್ಪ ಗಾಜು. ಅದರಲ್ಲಿ ಒಳಗಿನವರು ಕಾಣುತ್ತಾರೆ, ಹೊರಗಿನ ಸ್ಪೀಕರಿನಲ್ಲಿ ಪ್ರಸಾರ ಕೇಳುತ್ತದೆ. ಅಕ್ಕ ನಮಸ್ಕಾರ ಹೇಳಿ, ಮೊದಲ ಪ್ರಶ್ನೆ ಕೇಳಿದರು: "ಮೇಷ್ಟ್ರೇ, ಕೊಳಲು ಕೈಗೆ ಬಂದಾಗ ನಿಮಗೆಷ್ಟು ವಯಸ್ಸು?"

ಮೇಷ್ಟ್ರು ನಕ್ಕು ತಲೆ ಆಡಿಸಿದರು. ಅಷ್ಟೇ. ತಲೆ ಆಡಿಸಿದ್ದು ರೇಡಿಯೋದಲ್ಲಿ ಕೇಳುತ್ತದೆಯೇ? ಒಂದು ಸೆಕೆಂಡ್, ಎರಡು, ಮೂರು. ರೇಡಿಯೋದಲ್ಲಿ ಮೂರು ಸೆಕೆಂಡ್ ಸುಮ್ಮನಿದ್ದರೆ ಮನೆಯ ಗೋಡೆ ಬಿದ್ದ ಹಾಗೆ. ಅಕ್ಕ ಮತ್ತೆ ಕೇಳಿದರು. "ಹೌದು ಹೌದು, ತುಂಬಾ ಸಂತೋಷ" ಅಂದರು ಮೇಷ್ಟ್ರು. ಅಕ್ಕನ ಹುಬ್ಬು ಮೇಲೇರಿತು. ಆದರೆ ದನಿ ಅಲುಗಲಿಲ್ಲ. "ಮಾತಿಗಿಂತ ಮೊದಲು ಕೊಳಲೇ ಕೇಳೋಣ" ಅಂದು, ಕೊಳಲನ್ನು ಎತ್ತಿ ಅವರ ಕೈಗೇ ಕೊಟ್ಟರು. ಅವರು ನುಡಿಸತೊಡಗಿದರು.

ಅಷ್ಟರಲ್ಲಿ ಮಗಳು ನೀರಿನ ಬಾಟಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ತಟ್ಟೆ ನೋಡಿದವಳೇ ನಿಂತುಬಿಟ್ಟಳು.

"ಇದು ಅಪ್ಪನ ಕರ್ಚೀಫ್ ಅಲ್ವಾ?" ಬಿಚ್ಚಿದಳು. ಒಳಗೆ ಹುಣಸೆ ಬೀಜದಷ್ಟು ಒಂದು ಕಿವಿ ಮಷೀನು. "ಅಯ್ಯೋ ಅಣ್ಣಾ, ಇದನ್ನ ಯಾಕೆ ತೆಗೆಸಿದ್ರಿ?"

"ನಾನೆಲ್ಲಿ ತೆಗೆಸಿದೆ? ಸದ್ದು ಮಾಡೋದನ್ನ ಹಾಕಿ ಅಂದೆ."

"ಕೈ ಹತ್ತಿರ ತಂದ್ರೆ ಅದು ಕುಂಯ್ ಅನ್ನತ್ತೆ. ಇದಿಲ್ದೆ ಅಪ್ಪಂಗೆ ಮಾತು ಒಂದೂ ಕೇಳಲ್ಲ. ಕೊಳಲು ತುಟಿಗೆ ಇಟ್ಟರೆ ಸ್ವರ ತಿಳಿಯತ್ತೆ, ಅಷ್ಟೇ."

"ಮೊದಲೇ ಹೇಳೋಕೇನಾಗಿತ್ತು?"

"ಹೇಳೋ ಹಾಗಿದ್ರೆ ಹೇಳ್ತಿರಲಿಲ್ವಾ? ಎರಡು ವರ್ಷದಿಂದ ಯಾರಿಗೂ ಗೊತ್ತಿಲ್ಲ. ಕಿವುಡ ಅಂತ ಸುದ್ದಿ ಹಬ್ಬಿದ್ರೆ ಯಾರು ಕರೀತಾರೆ? ನಾಳೆ ಕಛೇರಿ ಇಟ್ಟಿರೋ ಸಂಗೀತ ಸಭೆಯ ಕಾರ್ಯದರ್ಶಿ ಈಗ ಮನೇಲಿ ಕೂತು ಇದನ್ನೇ ಕೇಳ್ತಿರ್ತಾರೆ. 'ರೇಡಿಯೋ ಕೇಳ್ತೀನಿ ಮೇಷ್ಟ್ರೇ' ಅಂತ ಬೆಳಿಗ್ಗೆ ತಾನೇ ಹೇಳಿದ್ರು." ಅವಳ ಕಣ್ಣು ತುಂಬಿತು.

ಕಿವಿ ಇಲ್ವಾ ನಿಮಗೆ ಅಂತ ಕೇಳಿದವನು ನಾನು. ಬಾಗಿಲ ಹಿಡಿಗೆ ಕೈ ಹಾಕಿದೆ. ಮೇಲೆ ಕೆಂಪು ದೀಪ. ಆ ಬಾಗಿಲು ತೆಗೆದರೆ ಚಿಲಕ ಖಟಕ್ ಅನ್ನುವುದು ಊರಿಗೇ ಗೊತ್ತಾಗುತ್ತದೆ. ಗಾಜಿನ ಹತ್ತಿರ ಹೋಗಿ ಮಷೀನನ್ನು ಅಂಗೈ ಮೇಲಿಟ್ಟು ತೋರಿಸಿದೆ. ನನ್ನ ಕಿವಿ ಮುಟ್ಟಿಕೊಂಡೆ, ಮೇಷ್ಟ್ರ ಕಡೆ ಬೆರಳು ಮಾಡಿದೆ. ಬಾಗಿಲು ತೋರಿಸಿ, ತೆಗೀಲಾ ಅಂತ ಕೈಯಲ್ಲೇ ಕೇಳಿದೆ.

ಅಕ್ಕ ನೋಡಿದರು. ಮೇಷ್ಟ್ರ ಬರಿಗಿವಿ ನೋಡಿದರು. ಬೇಡ ಅಂತ ಒಂದು ಬೆರಳು ಆಡಿಸಿದರು. ತಂದು ಹಾಕಿದರೂ ಅದು ಮತ್ತೆ ಕುಂಯ್ ಅನ್ನದೆ ಬಿಡುತ್ತದೆಯೇ? ಮುಂದಿದ್ದ ಪ್ರಶ್ನೆಯ ಹಾಳೆಯನ್ನು ಒಮ್ಮೆ ಮೇಷ್ಟ್ರ ಕಡೆ ತಿರುಗಿಸಿದರು, ಬರೆದದ್ದನ್ನಾದರೂ ಓದಲಿ ಅಂತ. ಕನ್ನಡಕವೂ ನನ್ನ ತಟ್ಟೆಯಲ್ಲೇ! ಅಕ್ಕ ಹಾಳೆ ಮಗುಚಿಟ್ಟರು.

ಕೊಳಲು ನಿಂತಿತು. ಅಕ್ಕ ಮೈಕಿಗೆ ಹೇಳಿದರು:

"ಕೇಳುಗರೇ, ಪ್ರತಿ ವಾರ ನಾನು ಕೇಳ್ತೀನಿ, ಬಂದವರು ಹೇಳ್ತಾರೆ. ಇವತ್ತು ನಾನೇನೂ ಕೇಳೋದಿಲ್ಲ. ಮೇಷ್ಟ್ರ ಚೀಲದಲ್ಲಿ ಏಳು ಕೊಳಲಿವೆ. ಒಂದೊಂದೇ ತೆಗೆದು ಅವರ ಮುಂದೆ ಇಡ್ತೀನಿ. ಅದರ ಕಥೆ ಅವರೇ ಹೇಳಲಿ, ಅವರೇ ನುಡಿಸಲಿ."

ಅದರಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ, ಬೇಕಾದರೆ ಇನ್ನೊಮ್ಮೆ ಓದಿ.

ಮೊದಲು ತೆಗೆದದ್ದು ನಡುವೆ ದಾರ ಸುತ್ತಿದ ಹಳೇ ಕೊಳಲು. ದಾರದ ಮೇಲೆ ಬೆರಳಿಟ್ಟು ಮೇಷ್ಟ್ರ ಮುಖ ನೋಡಿದರು. ಅವರಿಗೆ ತಕ್ಷಣ ಅರ್ಥವಾಯಿತು. ಈಯಮ್ಮನಿಗೆ ಗೊತ್ತಾಗಿದೆ ಅನ್ನುವುದೂ ಅರ್ಥವಾಯಿತು ಅಂತ ಕಾಣುತ್ತದೆ, ಒಂದು ಗಳಿಗೆ ತಲೆ ತಗ್ಗಿಸಿದರು. ಆಮೇಲೆ ಶುರು ಮಾಡಿದರು.

"ಇದನ್ನ ನಮ್ಮಪ್ಪ ನನ್ನ ಬೆನ್ನ ಮೇಲೆ ಮುರಿದದ್ದು. ಅಂಗಡೀಲಿ ಕೂರೋ ಅಂದ್ರೆ ಊದ್ಕೊಂಡು ಕೂತಿದ್ದೆ. ದಾರ ಸುತ್ತಿ ಸರಿ ಮಾಡ್ಕೊಂಡೆ. ಅಪ್ಪನ ಸಿಟ್ಟು ಮೂರು ದಿನ ಇತ್ತು, ದಾರ ಐವತ್ತೆಂಟು ವರ್ಷದಿಂದ ಇದೆ."

ಮುಂದಿನದು ಉದ್ದನೆಯದು. "ಇದನ್ನ ಆರು ತಿಂಗಳು ಹುಡುಕಿದೆ. ನನ್ನ ಹೆಂಡತಿ ಅಡುಗೆಮನೆ ಕಿಟಕಿ ಪರದೆಗೆ ಕೋಲು ಮಾಡಿದ್ದಳು, ಕಣ್ಣೆದುರಿಗೇ ನೇತಾಡ್ತಿತ್ತು. ಯಾಕೆ ಹೀಗೆ ಮಾಡ್ದೆ ಅಂದ್ರೆ, ಒಂದಾದ್ರೂ ಮನೆ ಉಪಯೋಗಕ್ಕೆ ಬರಲಿ ಅಂದಳು."

ಧ್ವನಿ ಕೋಣೆಯಲ್ಲಿ ಎಂಜಿನಿಯರ್ ಹೊಟ್ಟೆ ಹಿಡಿದು ನಗುತ್ತಿದ್ದ. ಅವನಿಗೆ ಏನೂ ಗೊತ್ತಿಲ್ಲ. ಮಗಳು ಅಳುತ್ತಲೇ ನಗುತ್ತಿದ್ದಳು. ನಾನು ಮಾತ್ರ ಮಷೀನನ್ನು ಮುಷ್ಟಿಯಲ್ಲಿ ಹಿಡಿದು ಗಡಿಯಾರ ನೋಡುತ್ತಾ ನಿಂತಿದ್ದೆ. ಐದು ಇಪ್ಪತ್ತೆಂಟಕ್ಕೆ ಅಕ್ಕ ಖಾಲಿ ಚೀಲದ ಮೇಲೆ ಅಂಗೈ ಇಟ್ಟರು. ಮೇಷ್ಟ್ರು ಕೊನೆಯ ಸ್ವರ ಎಳೆದು ಮುಗಿಸಿದರು. ದೀಪ ಆರಿತು.

ಮೇಷ್ಟ್ರು ಹೊರಗೆ ಬಂದು, ಕರ್ಚೀಫ್ ತೆಗೆದುಕೊಂಡು, ನನ್ನ ಕೈಯಿಂದ ಮಷೀನು ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ತಪ್ಪಾಯ್ತು ಅನ್ನಬೇಕು ಅಂತ ನಾನು ಬಾಯಿ ತೆರೆದೆ. ಅವರೇ ನನ್ನ ಭುಜ ತಟ್ಟಿದರು.

"ನೀನು ಬೈದದ್ದು ಮಾತ್ರ ಬಹಳ ಚೆನ್ನಾಗಿ ಕೇಳಿಸ್ತು ಕಣಯ್ಯ."

ಅಷ್ಟಕ್ಕೆ ಮುಗಿಯಲಿಲ್ಲ. ಹತ್ತೇ ನಿಮಿಷದಲ್ಲಿ ಸಾಹೇಬರು ಅಕ್ಕನನ್ನು ಕರೆಸಿದರು. ಬಾಗಿಲ ಹೊರಗೆ ನಿಂತವನಿಗೂ ಕೇಳುವಷ್ಟು ಜೋರು.

"ಹನ್ನೆರಡು ಪ್ರಶ್ನೆಗೆ ರುಜು ಹಾಕಿಸ್ಕೊಂಡು ಹೋದ್ರಿ. ಕೇಳಿದ್ದು ಒಂದೇ ಒಂದು, ಅದೂ ಎರಡು ಸಲ! ಯಾಕೆ?"

"ತಪ್ಪು ನಂದು ಸಾರ್."

"ಯಾಕೆ ಅಂತ ಕೇಳಿದೆ."

"ತಪ್ಪು ನಂದು ಸಾರ್" ಅಂದರು ಮತ್ತೆ.

ಮೆಮೊ ಬರೆಸಿದರು. ಅಕ್ಕ ರುಜು ಹಾಕಿ ಹೊರಗೆ ಬಂದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಒಳಗೆ ನುಗ್ಗಲು ಹೊರಟೆ. ಅಕ್ಕ ತೋಳು ಹಿಡಿದು ಮೆಟ್ಟಿಲ ತನಕ ಎಳೆದುಕೊಂಡು ಹೋದರು.

"ಎಲ್ಲಿಗೆ ಹೊರಟೆ ಬೆಂಕಿಪೊಟ್ಟಣ?"

"ಹೇಳ್ತೀನಿ ಅಕ್ಕ. ನಾನು ಮಾಡಿದ್ದು, ನಿಮಗ್ಯಾಕೆ ಮೆಮೊ?"

"ನನಗೆ ಮೆಮೊ ಬಂದ್ರೆ ಫೈಲಲ್ಲಿ ಒಂದು ಹಾಳೆ ಜಾಸ್ತಿಯಾಗತ್ತೆ. ನೀನು ಹೇಳಿದ್ರೆ ಸಾಹೇಬ್ರು ಕಾರ್ಯದರ್ಶಿಗೆ ಫೋನ್ ಮಾಡ್ತಾರೆ, ಇಬ್ರೂ ಒಂದೇ ಬೀದಿಯವರು. ನಾಳೆ ಕಛೇರಿ ಮುಗಿಯೋ ತನಕ ನಿನ್ನ ಬಾಯಿಗೂ ಕೆಂಪು ದೀಪ ಹತ್ತಿದೆ ಅಂದ್ಕೋ."

ಹುಟ್ಟಿದ ಮೇಲೆ ನಾನು ಒಂದಿಡೀ ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಅದೊಂದೇ ಸಲ. ನನಗೆ ಹುಷಾರಿಲ್ಲವೇನೋ ಅಂತ ಮನೆಯಲ್ಲಿ ಹೆಂಡತಿ ಹಣೆ ಮುಟ್ಟಿ ನೋಡಿದಳು. ಅತ್ತ ಅಕ್ಕನ ಮನೆಯಲ್ಲಿ ಅತ್ತೆ ಹೇಳಿದರಂತೆ: "ಇವತ್ತು ಚೆನ್ನಾಗಿತ್ತು ಕಣೇ. ನೀನು ಬಾಯಿ ಮುಚ್ಚಿಕೊಂಡಿದ್ದೆ ನೋಡು, ಅದಕ್ಕೇ."

ಕಛೇರಿ ನಡೆಯಿತು. ಭವನ ತುಂಬಿತ್ತು. ಮೂರನೇ ದಿನ ಬೆಳಿಗ್ಗೆ ಮೇಷ್ಟ್ರು ಒಬ್ಬರೇ ಸ್ಟೇಷನ್ನಿಗೆ ಬಂದರು. ಮೆಮೊ ವಿಷಯ ಅವರಿಗೆ ತಿಳಿದದ್ದು ನನ್ನಿಂದಲೇ. ಕಛೇರಿ ಮುಗಿದ ಮೇಲೆ ಅವರ ಮಗಳಿಗೆ ಹೇಳಿದ್ದೆ. ಅಕ್ಕ ಹಾಕಿದ ಗಡುವು ಅಲ್ಲಿಯ ತನಕ ತಾನೇ? ಮೇಷ್ಟ್ರು ನೇರ ಸಾಹೇಬರ ಕೋಣೆಗೆ ಹೋಗಿ, ಕಿವಿಯಿಂದ ಮಷೀನು ತೆಗೆದು ಮೇಜಿನ ಮೇಲಿಟ್ಟು, "ಆ ದಿನ ಕೇಳದೆ ಇದ್ದದ್ದು ಅವರಲ್ಲ, ನಾನು" ಅಂದರು. ಸಾಹೇಬರು ಏನೋ ಹೇಳಿದರು. "ಈಗ ಕೇಳಿಸಲ್ಲ, ತಾಳಿ" ಅಂತ ಮಷೀನನ್ನು ಮತ್ತೆ ಸಿಕ್ಕಿಸಿಕೊಂಡರು. ಸಾಹೇಬರು ಹೇಳಿದ್ದಿಷ್ಟೇ: ಮೆಮೊಗೆ ನಂಬರ್ ಬಿದ್ದುಹೋಗಿದೆ, ಇನ್ನು ತೆಗೆಯಲು ಬರುವುದಿಲ್ಲ. ಆದರೆ ಎದ್ದು ನಿಂತೇ ಹೇಳಿದರು, ಅಷ್ಟು ಹೇಳಲೇಬೇಕು.

ಸುದ್ದಿ ಆಮೇಲೆ ನಿಧಾನಕ್ಕೆ ಹರಡಿತು. ಕೆಲವು ಕಡೆಯವರು ಮೇಷ್ಟ್ರನ್ನು ಕರೆಯುವುದು ಬಿಟ್ಟರು. ನಮ್ಮೂರಿನ ಕಾರ್ಯದರ್ಶಿ ಬಿಡಲಿಲ್ಲ. ಅಕ್ಕ ತಟ್ಟೆ ತೆಗೆಯಲಿಲ್ಲ. ಆದರೆ ಅಂದಿನಿಂದ ನಾನು ಬಂದವರನ್ನು ಮೊದಲು ಕೇಳುವುದು, "ನಿಮ್ಮ ಹತ್ತಿರ ಇರಲೇಬೇಕಾದ್ದು ಏನಾದ್ರೂ ಇದೆಯಾ?" ಅಂತ. ಮೆತ್ತಗೆ ಕೇಳಬೇಕು ಅಂತ ಅಕ್ಕನ ಆಜ್ಞೆ. ಮೆತ್ತಗೆ ಅಂದರೆ ನನ್ನ ಮಟ್ಟಿಗೆ ಮೆತ್ತಗೆ.

ಹೋದ ತಿಂಗಳು ಅಕ್ಕ ನಿವೃತ್ತಿಯಾದರು. ಬೀಳ್ಕೊಡುಗೆ ಅದೇ ಸ್ಟುಡಿಯೋದಲ್ಲಿ. ಮೇಷ್ಟ್ರು ಮಗಳ ಕೈ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು, ಮಷೀನು ಎಲ್ಲರಿಗೂ ಕಾಣುವ ಹಾಗೆ. ಈಗಿನ ಹೊಸ ಸಾಹೇಬರು ಫೈಲ್ ಬಿಚ್ಚಿ ಅಕ್ಕನ ಸೇವೆಯ ವಿವರ ಓದಿದರು. "ಇಪ್ಪತ್ತಾರು ವರ್ಷದ ಕಾರ್ಯಕ್ರಮದಲ್ಲಿ ಒಂದೇ ಒಂದು ಮೆಮೊ. ಒಪ್ಪಿಗೆ ಪಡೆದ ಪ್ರಶ್ನೆಗಳನ್ನು ಕೇಳದೇ ಇದ್ದದ್ದಕ್ಕೆ" ಅಂತ ನಗುತ್ತಾ ಓದಿದರು. ಜನ ನಕ್ಕರು. ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತವನು ಅಲ್ಲಿಂದಲೇ ಕೂಗಿದೆ:

"ಆ ಮೆಮೊ ಅವರದ್ದಲ್ಲ ಸಾರ್, ನಂದು! ಇವತ್ತೇ ನನ್ನ ಹೆಸರಿಗೆ ತಿದ್ದಿ!"

ಎಲ್ಲರೂ ಹಿಂದಕ್ಕೆ ತಿರುಗಿ ನೋಡಿದರು. ಅಕ್ಕ ಕೂತಲ್ಲಿಂದಲೇ ಬಾಗಿಲ ಮೇಲಕ್ಕೆ ಬೆರಳು ತೋರಿಸಿದರು.

"ಸುಮ್ನಿರೋ ಬೆಂಕಿಪೊಟ್ಟಣ, ದೀಪ ಹತ್ತಿದೆ."