ಗಾಣ ಸುತ್ತದೆ ಗೆದ್ದ ಆಟ

ರೇಷನ್ ಕಾರ್ಡು ಹುಡುಕಲೆಂದು ಮೊನ್ನೆ ಟ್ರಂಕು ತೆರೆದರೆ ಕೈಗೆ ಸಿಕ್ಕಿದ್ದು ನೂರು ಪುಟದ ಒಂದು ನೋಟ್‌ಬುಕ್ಕು. ಮೂಗಿಗೆ ಹಿಡಿದರೆ ಇನ್ನೂ ಮೋಟರಿನ ಸುರುಳಿಗೆ ಬಳಿಯುವ ವಾರ್ನಿಶಿನ ವಾಸನೆ. ಮೊದಲ ಹತ್ತು ಪುಟ ಪಂಪ್‌ಸೆಟ್ಟಿನ ಮೋಟರುಗಳ ವಿವರ. ಅಲ್ಲಿಂದ ಮುಂದೆ ಮೂರು ಕಣ್ಣಿನ ಕಪ್ಪೆ, ರೆಕ್ಕೆ ಮೂಡಿದ ಹಂದಿ, ಟೋಪಿ ಹಾಕಿಕೊಂಡ ಅಣಬೆ. ಬರೆದವನು ನಾನೇ. ನಗಬೇಡಿ, ನನ್ನ ಜನ್ಮದಲ್ಲಿ ನಾನು ಬರೆದ ಪುಸ್ತಕ ಇದೊಂದೇ.

ಮುಂಡಗೋಡದ ಬಜಾರಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕಲಿತ ಕಸುಬು. ಪಾಳಾ ಕಡೆಯ ರೈತರು ಸುಟ್ಟ ಮೋಟರನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು, ನಾನು ಮುಟ್ಟಿದರೆ ಸಾಕು ತಿರುಗುತ್ತದೆ ಎನ್ನುತ್ತಾರೆ. ಮುಟ್ಟಿದರೆ ತಿರುಗುವುದಿಲ್ಲ, ಬರೆದರೆ ತಿರುಗುತ್ತದೆ. ಸುಟ್ಟ ಸುರುಳಿಯನ್ನು ಕೀಳುವ ಮೊದಲು ಮೋಟರಿನ ಒಂದೊಂದು ಸೀಳಿನಲ್ಲಿ ಎಷ್ಟು ಸುತ್ತು, ತಂತಿ ಯಾವ ದಪ್ಪದ್ದು, ಯಾವ ತುದಿ ಯಾವುದಕ್ಕೆ ಕೂಡಿತ್ತು, ಎಲ್ಲ ಬರೆದುಕೊಳ್ಳಬೇಕು. ಅವಸರಪಟ್ಟು ಕಿತ್ತವನು ಆಮೇಲೆ ಎಷ್ಟು ಬೆವರು ಸುರಿಸಿದರೂ ಮೋಟರು ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ.

ಇಪ್ಪತ್ತು ವರ್ಷದ ಹಿಂದಿನ ಮಾತು. ಟಿಬೆಟಿಯನ್ ಕ್ಯಾಂಪಿನ ನನ್ನ ಗೆಳೆಯ ತೆನ್ಜಿನ್ ಚಳಿಗಾಲಕ್ಕೆ ಸ್ವೆಟರ್ ವ್ಯಾಪಾರಕ್ಕೆ ಹೊರಟವನು ಒಂದು ಪೆಟ್ಟಿಗೆ ತಂದು ಅಂಗಡಿಯಲ್ಲಿಟ್ಟ.

"ವಿಡಿಯೋ ಗೇಮ್ ಐತಿ. ಮನ್ಯಾಗ ಯಾರೂ ಇರಂಗಿಲ್ಲ, ವಾಯರ್ ಇಲಿ ಕಡೀತಾವ. ನಮ್ಮ ಹೊಸಾ ವರ್ಷಕ್ಕ ಬರ್ತೇನಿ, ಅಲ್ಲೀತನಕ ನೀ ಆಡು."

ಮನೆಗೆ ಒಯ್ದು ಟಿ.ವಿ.ಗೆ ಜೋಡಿಸಿದೆ. ಡಿಸ್ಕು ಜಪಾನಿನದು. ನಾಲ್ವರು ಊರೂರು ತಿರುಗುತ್ತ, ರಾಕ್ಷಸರನ್ನು ಕೊಲ್ಲುತ್ತ, ಕೊನೆಗೆ ಸಮುದ್ರದ ನಡುವಿನ ಗೋಪುರ ಮುಟ್ಟುವ ಕತೆ. ಅಕ್ಷರವೆಲ್ಲ ಜಪಾನಿ. ಇದೇ ನನಗೆ ಖುಷಿ ಕೊಟ್ಟ ಸಂಗತಿ. ಅಲ್ಲಿ ಓದಿದವನೂ ಒಂದೇ, ಓದದವನೂ ಒಂದೇ!

ಹಾಗಂತ ಒಪ್ಪಿಕೊಳ್ಳುವ ಪ್ರಾಣಿ ನನ್ನ ಹೆಂಡತಿಯ ತಮ್ಮ ಬಸವರಾಜನಲ್ಲ. ಹಳಿಯಾಳದಲ್ಲಿ ಹೈಸ್ಕೂಲು ಮಾಸ್ತರ, ಬಿ.ಎಸ್ಸಿ. ಆಗಿದ್ದವನು. ರವಿವಾರ ಅಕ್ಕನ ಮನೆಗೆ ಬಂದವನು ಆಟದ ಗುಟ್ಟನ್ನು ಊಟಕ್ಕೆ ಮೊದಲೇ ಬಿಡಿಸಿ ಹೇಳಿದ. ಹುಲ್ಲಿನಲ್ಲಿ ಅಡ್ಡಾಡಿದರೆ ಕಪ್ಪೆ, ಅಣಬೆಗಳು ಎದುರಾಗುತ್ತವೆ. ಹೊಡೆದರೆ ನಮ್ಮವರ ಬಲ ಸಾಸಿವೆಯಷ್ಟು ಏರುತ್ತದೆ. ಹಾಗೆ ಸಾವಿರ ಸಲ ಹೊಡೆದು ಬಲ ಕೂಡಿಸಿಕೊಂಡು ಮುಂದೆ ಹೋಗಬೇಕು.

"ಅಂದ್ರ ಗಾಣದೆತ್ತಿನಂಗ ಸುತ್ತೂದೇನು?" ಎಂದೆ.

"ಮತ್ತ? ಇದಕ್ಕ ತಲಿ ಬ್ಯಾಡ ಮಾಮಾ, ರಟ್ಟಿ ಸಾಕು. ನಿಮಗ ಬರೋಬರಿ ಆಗ್ತೈತಿ."

ಹೆಂಡತಿ ಗಿರಿಜಾ ಅಲ್ಲೇ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅವಳ ಎದುರಿಗೆ ಆಡಿದ ಮಾತು. ದುಡಿಮೆಗೆ ನಾನು ಹೆದರಿದವನಲ್ಲ. ಆರು ದಿನ ತಂತಿ ಸುತ್ತಿ ಸುತ್ತಿ ಬೆರಳು ಸೀಳಿಸಿಕೊಂಡವನು. ಅದಕ್ಕೇ ಏಳನೆಯ ದಿನ ಅಣಬೆ ಹೊಡೆಯುವ ಕೂಲಿ ನನಗೆ ಬೇಡವಾಗಿತ್ತು.

"ತೆನ್ಜಿನ್ ಬರೂದ್ರಾಗ ಮುಗಸ್ತೇನಿ ಬಸೂ. ಒಂದು ಕಪ್ಪಿನೂ ಸುಮ್ನ ಹೊಡ್ಯಾಂಗಿಲ್ಲ. ಮುಗೀಲಿಲ್ಲಂದ್ರ ರಟ್ಟೀ ಮನಿಶ್ಯಾ ಅಂತನ ಕರಿ."

ಅಂಗಡಿಯ ನೋಟ್‌ಬುಕ್ಕು ಮನೆಗೆ ಬಂದದ್ದು ಹೀಗೆ. ಎದುರಾದ ಪ್ರಾಣಿಗೆಲ್ಲ ಒಂದೊಂದು ಪುಟ. ಬೆಂಕಿಗೆ ಬೆದರುವುದೋ, ಮಂಜಿಗೋ, ಸಿಡಿಲಿಗೋ? ದೊಡ್ಡ ಪೆಟ್ಟು ಹಾಕುವ ಮೊದಲು ಏನು ಮಾಡುತ್ತದೆ? ಕಬ್ಬಿಣದ ಗೊಂಬೆಯೊಂದು, ಬಂದಾಗೊಮ್ಮೆ ತಾನೂ ಆಡುತ್ತಿದ್ದ ಬಸವರಾಜನನ್ನು ಎರಡು ರವಿವಾರ ಅಳಿಸಿತ್ತು. ನನ್ನ ಮೂರು ಸಿಡಿಲಿಗೆ ಮಕಾಡೆ ಮಲಗಿತು. ಗಾಣ ಸುತ್ತದೆ ಉಳಿದ ಹೊತ್ತಿನಲ್ಲಿ ಆ ಊರುಗಳನ್ನು ಕಣ್ತುಂಬ ನೋಡಿದೆ. ಮನೆಮನೆಗೂ ನುಗ್ಗಿದೆ, ಬಾವಿಗಳಲ್ಲಿ ಇಣುಕಿದೆ. ಮೀನುಗಾರರ ಊರಿನಲ್ಲಿ ಬರುತ್ತಿದ್ದ ಒಂದು ರಾಗ ಕೇಳಲಿಕ್ಕೆಂದೇ ಗಿರಿಜಾ ಒಲೆ ಸಣ್ಣ ಮಾಡಿ ಬಂದು ಕೂಡುತ್ತಿದ್ದಳು. ಗಾಯ ವಾಸಿ ಮಾಡುವ ಹುಡುಗಿಗೆ ನೀಲವ್ವ ಎಂದು ಹೆಸರಿಟ್ಟವಳೂ ಅವಳೇ. ಅರ್ಥವಾಗದ ಮಾತಿಗೆಲ್ಲ ನಾವಿಬ್ಬರೂ ಕನ್ನಡದಲ್ಲಿ ಕತೆ ಕಟ್ಟಿದೆವು. ಜಪಾನಿನವರು ಬರೆದದ್ದು ಅದಕ್ಕಿಂತ ಚಲೋ ಇತ್ತೆಂದು ನನಗೆ ಅನಿಸುವುದಿಲ್ಲ.

ಗೋಪುರದ ತುದಿಯಲ್ಲಿ ಏಳು ಹೆಡೆಯ ಹಾವು. ನಾಳೆ ತೆನ್ಜಿನ್ ಬರುತ್ತಾನೆ ಎನ್ನುವ ರವಿವಾರ ಮಧ್ಯಾಹ್ನ ಅದರ ಕೈಲಿ ಮೂರು ಸಲ ಸತ್ತೆ. ಮಂಜಿಗೆ ಬೆದರುತ್ತದೆಂದು ಪುಸ್ತಕದಲ್ಲಿ ಬರೆದಾಗಿತ್ತು. ಆದರೆ ಅರ್ಧ ದಾರಿಗೇ ನಮ್ಮವರ ಶಕ್ತಿ ಬತ್ತುತ್ತಿತ್ತು. ಐದಕ್ಕೆ ಕರೆಂಟು ಹೋಗುವುದಿತ್ತು.

"ಹದಿನೈದು ದಿನ ಹುಲ್ಲಿನ್ಯಾಗ ಅಡ್ಡಾಡಿದ್ರ ಇದು ಬರ್ತಿತ್ತೇನು ಮಾಮಾ?" ಬಸವರಾಜ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತ ಕೇಳಿದ. ರಟ್ಟೆ ಮನುಷ್ಯ ಎನ್ನುವ ಹೆಸರು ಹೊಸ್ತಿಲಿಗೆ ಬಂದು ನಿಂತಿತ್ತು.

ಗಿರಿಜಾ ಟಿ.ವಿ. ಹತ್ತಿರ ಬಂದು ನಮ್ಮ ಚೀಲದ ಪಟ್ಟಿಗೆ ಬೆರಳಿಟ್ಟಳು. "ಈ ನೀಲಿ ಬಾಟ್ಲಿ ಹನ್ನೊಂದು ಅದಾವಲ್ಲ, ಯಾಕ ಇಟ್ಟೀರಿ?"

ಕುಡಿಸಿದರೆ ನಾಲ್ವರಿಗೂ ಪೂರ್ತಿ ಶಕ್ತಿ ಬರುವ ಔಷಧಿ ಅದು. ಸಿಕ್ಕಾಗೊಮ್ಮೆ ಜತನವಾಗಿ ಎತ್ತಿಟ್ಟಿದ್ದೆ.

"ಇರಲಿ, ಮುಂದ ಬೇಕಾದೀತು."

"ಮುಂದ ಇನ್ನೇನೈತಿ? ಸತ್ತ ಮ್ಯಾಲ ಕುಡಸ್ತೀರೇನು? ನಿಮ್ಮವ್ವನೂ ಹಿಂಗ. ಬೀಗರು ಬರ್ತಾರಂತ ತುಪ್ಪ ಎತ್ತಿಟ್ಟು ಎತ್ತಿಟ್ಟು, ಕಮಟು ಹಿಡದ ಮ್ಯಾಲ ನಮಗ ಬಡಸ್ತಿದ್ರು."

ಬಸವರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ. ನಾಲ್ಕನೆಯ ಸಲ ಗೋಪುರ ಹತ್ತಿದೆ. ಹೆಡೆಗಳ ಕಣ್ಣು ಕೆಂಪಾದಾಗ ಅಡ್ಡ ಗುರಾಣಿ, ತಣ್ಣಗಾದಾಗ ಮಂಜು, ಶಕ್ತಿ ಬತ್ತಿದಾಗ ಬಾಟ್ಲಿ. ಒಂದು, ಎರಡು... ಒಂಬತ್ತನೆಯ ಬಾಟ್ಲಿಗೆ ಹಾವು ಬಿರುಕು ಬಿಟ್ಟು ಬೆಳಕಾಗಿ ಹಾರಿಹೋಯಿತು. ಪರದೆಯ ಮೇಲೆ ಹೆಸರುಗಳು ಏರುತ್ತಿದ್ದಂತೆ ನಾನು ಎದ್ದು ನಿಂತುಬಿಟ್ಟಿದ್ದೆ.

"ಗೆದ್ದಿದ್ದು ಯಾರ ತಲಿ, ನೋಡಿದೇನು?" ಎಂದು ಬಸವರಾಜನನ್ನು ಕೇಳಿದೆ.

"ನಂದು," ಎಂದಳು ಗಿರಿಜಾ.

ಬಸವರಾಜ ಮಡಿಲಿನ ಶೇಂಗಾ ಸಿಪ್ಪೆ ಕೊಡವಿಕೊಂಡ. ಆಮೇಲೆ, "ಮಾಮಾ, ಆ ನೋಟ್‌ಬುಕ್ಕ ಒಂದು ವಾರ ಕೊಡ್ರಿ," ಎಂದ.

"ಕೊಡಂಗಿಲ್ಲ. ಇಲ್ಲೇ ಕುಂತು ಬರ್ಕೋ."

ಬರೆದುಕೊಂಡ. ಕರೆಂಟು ಹೋದ ಮೇಲೆ ಬಾಗಿಲ ಬೆಳಕಿಗೆ ಕೂತು, ಹೈಸ್ಕೂಲು ಮಾಸ್ತರ ನನ್ನ ಅಡ್ಡಾದಿಡ್ಡಿ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಕೇಳುತ್ತ ನಕಲು ಮಾಡಿದ. ಆ ಹೊತ್ತು ನನ್ನ ಎದೆ ಎಷ್ಟು ಅಗಲವಾಗಿತ್ತೆಂದು ಇವತ್ತೂ ಅಳೆದು ಹೇಳಬಲ್ಲೆ.

ಮರುದಿನ ಬಂದ ತೆನ್ಜಿನ್ ಪೆಟ್ಟಿಗೆ ಒಯ್ದ. ಅದನ್ನು ಕಾದುಕೊಂಡದ್ದಕ್ಕೆ ಒಂದು ಕೆಂಪು ಸ್ವೆಟರ್ ಕೊಟ್ಟ. ಮೊನ್ನೆ ನೋಟ್‌ಬುಕ್ಕಿನ ಅಡಿಯಲ್ಲಿ ಅದೂ ಇತ್ತು, ಮಡಿಕೆ ಬಿಚ್ಚದೆ. ಅಷ್ಟು ಚಂದದ್ದನ್ನು ವಾರ್ನಿಶಿನ ಅಂಗಡಿಗೆ ಯಾಕೆಂದು, ಒಂದು ಒಳ್ಳೆಯ ದಿನಕ್ಕೆಂದು ಎತ್ತಿಟ್ಟವನು ನಾನೇ. ಹಾಕಿ ನೋಡಿದೆ. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ಬಿಚ್ಚಿದ ಗುಂಡಿಯಲ್ಲೇ ಅಂಗಡಿಗೆ ಬಂದಿದ್ದೇನೆ. ಬಲಗೈ ತೋಳಿಗೆ ಆಗಲೇ ವಾರ್ನಿಶು ಹತ್ತಿದೆ. ಚಳಿ ಮಾತ್ರ ಒಳಗೆ ಬರುತ್ತಿಲ್ಲ.