ಸಿಂಬಲ್ ಕೇಳಿಸದ ಹೆಡ್‌ಫೋನ್

2019ರಲ್ಲಿ ಬಾಗಲಕೋಟೆಯ ನವನಗರದ ನನ್ನ ಆಡಿಯೋ ಅಂಗಡಿಗೆ ಇಪ್ಪತ್ತಾರು ವರ್ಷ ತುಂಬಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ರೇಡಿಯೋ ರಿಪೇರಿಯಿಂದ ಶುರುಮಾಡಿದವನು ನಾನು. ಕಲ್ಯಾಣಮಂಟಪಗಳಿಗೆ ಸ್ಪೀಕರ್, ಗುಡಿಗಳಿಗೆ ಮೈಕ್‌ಸೆಟ್ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದೆ. ನನ್ನ ಹುಚ್ಚು ಮಾತ್ರ ಬೇರೆಯೇ ಇತ್ತು. ಅಂಗಡಿಯ ಹಿಂದಿನ ಸಣ್ಣ ಕೋಣೆಯ ಗೋಡೆಗಳಿಗೆ ದಪ್ಪ ಜಮಖಾನ ಹೊಡೆಸಿ, ಅಲ್ಲಿ ಒಳ್ಳೊಳ್ಳೆಯ ಹೆಡ್‌ಫೋನ್‌ಗಳನ್ನು ಸಾಲಾಗಿ ತೂಗುಹಾಕಿದ್ದೆ. ಕೊಳ್ಳುವವರು ಕೂತು, ಒಂದೊಂದನ್ನೇ ಹಾಕಿಕೊಂಡು, ತಮ್ಮ ಇಷ್ಟದ ಹಾಡು ಕೇಳಿ ಆರಿಸಬಹುದಿತ್ತು. ಅಂಥ ಗಿರಾಕಿಗಳು ಬೆರಳೆಣಿಕೆಯಷ್ಟು. ಒಬ್ಬ ಹಲ್ಲಿನ ಡಾಕ್ಟರು, ಎಂಜಿನಿಯರಿಂಗ್ ಕಾಲೇಜಿನ ನಾಲ್ಕಾರು ವಿದ್ಯಾರ್ಥಿಗಳು, ಮತ್ತೆ ಇಳಕಲ್ಲಿನ ರೇಣುಕಾ.

ರೇಣುಕಾಗೆ ಆಗ ಮೂವತ್ತಾರು ವರ್ಷ. ಮದುವೆಯಾಗಿ ಇಳಕಲ್ಲಿಗೆ ಬಂದಾಗಿನಿಂದ, ಅಂದರೆ ಹದಿನೇಳು ವರ್ಷಗಳಿಂದ, ಮನೆಯ ಪವರ್‌ಲೂಮ್ ಶೆಡ್ಡಿನಲ್ಲಿ ನೇಯ್ಗೆ ಮಾಡುತ್ತಿದ್ದಳು. ಮೊದಲ ಸಲ ಅವಳು ನೆಗೆಣ್ಣಿ ಶಾಂತಾಳ ಜೊತೆ ಬಂದಾಗ, ಭಜನೆ ಕೇಳಲು ಏನೋ ಬೇಕಾಗಿರಬೇಕು ಎಂದುಕೊಂಡು ಸಾದಾ ಮಾಲನ್ನು ಮುಂದೆ ಇಟ್ಟೆ. ಅವಳು ಫೋನ್ ತೆಗೆದು ಒಂದು ಹಾಡು ಹಚ್ಚಿದಳು. ಹೆವಿ ಮೆಟಲ್, ಅಂದರೆ ಗಿಟಾರ್, ಡ್ರಮ್ಮುಗಳು ಕಿವಿಗಡಚಿಕ್ಕುವ ಇಂಗ್ಲಿಷ್ ಸಂಗೀತ. ನಾನು ಬಾಯಿ ತೆರೆದವನು ಮುಚ್ಚಲಿಲ್ಲ.

ಮಗ್ಗಗಳ ಗದ್ದಲದಲ್ಲಿ ಬೇರೆ ಯಾವ ಹಾಡೂ ನಿಲ್ಲುವುದಿಲ್ಲವಂತೆ. ಮೈದುನನ ಫೋನಿನಲ್ಲಿ ಇದನ್ನು ಕೇಳಿದ ದಿನದಿಂದ ಇದೇ ಹಿಡಿಸಿದೆಯಂತೆ. ಇಂಗ್ಲಿಷ್ ಮಾತು ಒಂದೂ ತಿಳಿಯದು, ಆದರೆ ಡ್ರಮ್ಮಿನ ಒಂದೊಂದು ಪೆಟ್ಟೂ ಬಾಯಿಪಾಠ. "ಇದರಾಗ ನಮ್ಮ ಮಗ್ಗ ಐತ್ರೀ ಅಣ್ಣಾರ" ಎಂದಳು. "ಆದ್ರ ನಮ್ಮ ಮಗ್ಗ ದಿನಾ ಅಲ್ಲೇ ಇರ್ತೈತಿ. ಇದು ಎಲ್ಲಿಗೋ ಕರಕೊಂಡು ಹೋಗ್ತೈತಿ."

ಅವಳು ಬದುಕಿನಲ್ಲಿ ತನಗಾಗಿಯೇ ಇಟ್ಟುಕೊಂಡಿದ್ದು ಅದೊಂದೇ ಎಂದು ಶಾಂತಾ ಹೇಳಿದಳು. ಸೀರೆ, ಒಡವೆ ಯಾವುದಕ್ಕೂ ಅವಳು ಆಸೆಪಟ್ಟವಳಲ್ಲ.

ನನಗೆ ಹಬ್ಬವಾಯಿತು. ರಾಕ್, ಮೆಟಲ್ ಕೇಳುವವರಿಗೆ ಹೆಡ್‌ಫೋನ್ ಆರಿಸುವುದು ಕಷ್ಟದ ಕೆಲಸ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಬೇಸ್, ಅಂದರೆ ತಗ್ಗಿನ ಸದ್ದು, ಬಿಗಿಯಾಗಿರಬೇಕು, ಇಲ್ಲದಿದ್ದರೆ ವೇಗದ ಪೆಟ್ಟುಗಳು ಒಂದಕ್ಕೊಂದು ಅಂಟಿ ಗಂಜಿಯಾಗುತ್ತವೆ. ಗಿಟಾರಿನ ಗರಗರ ಮಧ್ಯದ ಸ್ವರಗಳಲ್ಲಿರುತ್ತದೆ, ಅದು ಹಿಂದೆ ಸರಿಯಬಾರದು. ಸಿಂಬಲ್, ಅಂದರೆ ಡ್ರಮ್ಮಿನ ಮೇಲಿನ ಕಂಚಿನ ತಟ್ಟೆ, ಸ್ವರದ ಎತ್ತರ ಅಳೆಯುವ ಲೆಕ್ಕದಲ್ಲಿ 4,000 ಹರ್ಟ್ಸ್‌ಗಿಂತ ಮೇಲೆ ಮಿನುಗಬೇಕು, ಆದರೆ ಚುಚ್ಚಬಾರದು. ಕಪ್ಪಿನ ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನಿನಲ್ಲಿ ಸಂಗೀತ ವಿಶಾಲವಾಗಿ ಕೇಳುತ್ತದೆ, ಹೊರಗಿನ ಸದ್ದೂ ಒಳಬರುತ್ತದೆ. ಕ್ಲೋಸ್ಡ್ ಬ್ಯಾಕ್ ಹೊರಗಿನ ಸದ್ದನ್ನು ಒಂದಷ್ಟು ತಡೆಯುತ್ತದೆ. ಇದನ್ನೆಲ್ಲ ನಾನು ವಿವರಿಸುವಾಗ ರೇಣುಕಾ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಇಷ್ಟು ಶ್ರದ್ಧೆಯಿಂದ ನನ್ನ ಮಾತು ಕೇಳಿದವರು ನನ್ನ ಹೆಂಡತಿ ಮಕ್ಕಳಲ್ಲೂ ಯಾರೂ ಇರಲಿಲ್ಲ. ಶೆಡ್ಡಿನಲ್ಲೂ ಕೇಳಬೇಕು ಎಂದಿದ್ದಕ್ಕೆ ಕ್ಲೋಸ್ಡ್ ಬ್ಯಾಕ್ ಕೊಟ್ಟೆ.

ಏಳು ತಿಂಗಳಿಗೆ ಮತ್ತೆ ಬಂದಳು. ಸಿಂಬಲ್ ಮೇಲೆ ಯಾರೋ ಕಂಬಳಿ ಹೊಚ್ಚಿದಂತೆ ಕೇಳುತ್ತದೆ ಎಂದಳು. ನಾನು ಅದೇ ಹೆಡ್‌ಫೋನ್ ಹಾಕಿಕೊಂಡು ನೋಡಿದೆ, ಸರಿಯಾಗಿಯೇ ಇತ್ತು. ಆದರೂ ಅವಳ ದೂರು ನನಗೆ ಸಂತೋಷವನ್ನೇ ಕೊಟ್ಟಿತು. ನನಗೆ ತಿಳಿಯದ ಕೊರತೆಯನ್ನು ಹಿಡಿಯುವ ಗಿರಾಕಿ ಸಿಕ್ಕಳಲ್ಲ! "ನಿಮ್ಮ ಕಿವಿ ಭಾಳ ಸೂಕ್ಷ್ಮ ಅದಾವ್ರೀ ಅಕ್ಕಾರ" ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹಳೆಯದನ್ನು ತೆಗೆದುಕೊಂಡು, ಮೇಲಿನ ಸ್ವರಗಳನ್ನು ಎತ್ತಿ ಕೇಳಿಸುವ ಇನ್ನೊಂದನ್ನು ಕೊಟ್ಟೆ. ವರ್ಷದ ನಂತರ ಅದೂ ಮಂಕಾಯಿತು ಎಂದಳು. ಅದಕ್ಕಿಂತ ಹರಿತವಾದದ್ದನ್ನು, ಒಂದು ಆಂಪ್ಲಿಫೈಯರ್ ಸಮೇತ ಕೊಟ್ಟೆ. ಆಂಪ್ಲಿಫೈಯರ್ ಅಂದರೆ ಸದ್ದಿಗೆ ಇನ್ನಷ್ಟು ಬಲ ತುಂಬುವ ಪೆಟ್ಟಿಗೆ.

2022ರ ಮಾರ್ಚ್‌ನಲ್ಲಿ ಶಾಂತಾಳ ಜೊತೆ ಮೂರನೆಯ ದೂರಿನೊಂದಿಗೆ ಬಂದಳು. ಈ ಸಲ ನನ್ನಲ್ಲಿದ್ದ ಅತ್ಯುತ್ತಮ ಹೆಡ್‌ಫೋನನ್ನೇ ಹಾಕಿ ಕೂರಿಸಿದೆ. ಅವಳು ವಾಲ್ಯೂಮ್ ಗುಂಡಿ ತಿರುಗಿಸಿ, ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿ ತೆಗೆದುಕೊಟ್ಟಳು. ನಾನು ಗುಂಡಿ ನೋಡದೆ ಅದನ್ನು ನನ್ನ ಕಿವಿಗೆ ಹಾಕಿಕೊಂಡೆ. ಮರುಕ್ಷಣವೇ ಕಿತ್ತು ಎಸೆದೆ. ಕಿವಿಯಲ್ಲಿ ಕಾದ ಸೂಜಿ ಚುಚ್ಚಿದಂತಾಗಿತ್ತು. ಇಷ್ಟು ಜೋರನ್ನು ಅವಳು ಹತ್ತು ನಿಮಿಷ ಕೂತು ಕೇಳಿದ್ದಳು, ಅದರಲ್ಲಿ ಸಿಂಬಲ್ ಇಲ್ಲ ಎಂದು ತಲೆ ಅಲ್ಲಾಡಿಸಿದ್ದಳು.

ನಾನು ಗೋಡೆಯ ಕಡೆ ತಿರುಗಿ, ಕೇಬಲ್ ಸುತ್ತುತ್ತಾ, ಯಾವ ಹಾಡು ಕೇಳಿದಿರಿ ಎಂದು ಮೆಲ್ಲಗೆ ಕೇಳಿದೆ. ಉತ್ತರವಿಲ್ಲ. ಮತ್ತೊಮ್ಮೆ ಕೇಳಿದೆ. ಉತ್ತರವಿಲ್ಲ. ಅವಳ ಕಡೆ ಮುಖ ತಿರುಗಿಸಿ ಅದನ್ನೇ ಕೇಳಿದಾಗ ತಟ್ಟನೆ ಹೇಳಿದಳು. ಶಾಂತಾ ನನ್ನ ಮುಖ ನೋಡಿ, ಇದರಲ್ಲೇನು ದೊಡ್ಡ ಮಾತು ಎನ್ನುವಂತೆ ಹೇಳಿದಳು. "ನಮ್ಮ ಶೆಡ್ಡಿನ್ಯಾಗ ಎಲ್ಲಾರೂ ಹಿಂಗರೀ. ಮಗ್ಗ ಹಚ್ಚಿದ ಮ್ಯಾಲ ಯಾರ ಮಾತು ಯಾರಿಗೆ ಕೇಳ್ತೈತ್ರಿ? ಬಾಯಿ ನೋಡೇ ಮಾತಾಡೋದು."

ಮೂರು ವರ್ಷ ನಾನು ಶ್ರದ್ಧೆ ಎಂದುಕೊಂಡಿದ್ದು ಅದು. ಅವಳು ನನ್ನ ತುಟಿ ಓದುತ್ತಿದ್ದಳು. ಅವಳ ಗಟ್ಟಿ ದನಿಯನ್ನು ಇಳಕಲ್ಲಿನವರ ರೂಢಿ ಎಂದುಕೊಂಡಿದ್ದೆ. ಶೆಡ್ಡಿನವರೆಲ್ಲ ಬಾಯಿ ನೋಡಿಯೇ ಮಾತಾಡುವವರಾದ್ದರಿಂದ ಯಾರ ಕಿವಿ ಎಷ್ಟು ಹೋಗಿದೆ ಎಂದು ಅಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ, ಅವಳಿಗೂ. ಆದರೆ ಕಿವಿಯ ವ್ಯಾಪಾರ ಮಾಡುವ ನನಗೆ ಗೊತ್ತಾಗಬೇಕಿತ್ತು.

ಮರುದಿನವೇ ಅವಳನ್ನು ಮತ್ತೆ ಬರಹೇಳಿ, ಪರಿಚಯದ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ತೆಗೆದ ಆಡಿಯೋಗ್ರಾಮ್ ಒಂದು ಗ್ರಾಫ್. ಯಾವ ಸ್ವರ ಎಷ್ಟು ಜೋರಾದಾಗ ಕಿವಿಗೆ ಕೇಳುತ್ತದೆ ಎಂದು ಅದು ತೋರಿಸುತ್ತದೆ. ರೇಣುಕಾಳ ಗೆರೆ ಕೆಳಗಿನ ಸ್ವರಗಳಲ್ಲಿ ನೆಟ್ಟಗೆ ಬಂದು, 3,000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಂತೆ ಬಿದ್ದಿತ್ತು. ಒಳ್ಳೆಯ ಕಿವಿಗೆ 20 ಡೆಸಿಬೆಲ್‌ಗೇ ಕೇಳುವ 4,000ದ ಸ್ವರ ಅವಳಿಗೆ 75 ಡೆಸಿಬೆಲ್ ಜೋರು ಮಾಡಿದರೆ ಮಾತ್ರ ಕೇಳುತ್ತಿತ್ತು. ಎರಡೂ ಕಿವಿ ಹಾಗೇ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದರು ತಜ್ಞೆ. ಮಾತಿಗೆ ಹಿಯರಿಂಗ್ ಏಡ್ ಸ್ವಲ್ಪ ನೆರವಾಗಬಹುದು, ಸಂಗೀತ ಮೊದಲಿನ ಹಾಗೆ ಕೇಳಿಸದು. ಆಮೇಲೆ ಅವಳ ಮಡಿಲಲ್ಲಿದ್ದ ಹೆಡ್‌ಫೋನನ್ನು ನೋಡಿ, ಇದನ್ನು ಶೆಡ್ಡಿನಲ್ಲೂ ಹಾಕುತ್ತೀಯಾ ಎಂದು ಕೇಳಿದರು. ಹೌದು, ಮಗ್ಗದ ಸದ್ದಿಗಿಂತ ಜೋರಾಗಿ ಇಟ್ಟು, ಎಂದಳು.

"ಅರ್ಧ ಮಗ್ಗ ತಿಂದೈತಿ, ಇನ್ನರ್ಧ ಇದು ತಿಂದೈತಿ" ಎಂದರು ತಜ್ಞೆ. ನಾನೇ ಮಾರಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ರೇಣುಕಾ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಹೊರಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ. "ಇದಕ್ಕಿಂತ ಮ್ಯಾಲಿಂದು ಯಾವುದರ ಐತೇನ್ರೀ ಅಣ್ಣಾರ?" ಇಲ್ಲ ಎಂದೆ. ಗಿರಾಕಿಗೆ ಇಲ್ಲ ಎಂದು ನಾನು ಹೇಳಿದ್ದು ಅದೇ ಮೊದಲು.

ಪಾಪಪ್ರಜ್ಞೆ ತಡೆಯಲಾರದೆ ಮುಂದಿನ ವಾರ ಮಗ್ಗದ ಸದ್ದು ತಡೆಯಲು ಕಿವಿಗೆ ತುರುಕಿಕೊಳ್ಳುವ ಫೋಮ್ ಬೆಣೆಗಳ ದೊಡ್ಡ ಪೊಟ್ಟಣ ಹೊತ್ತು ಇಳಕಲ್ಲಿಗೆ ಹೋದೆ. ಶೆಡ್ಡಿನಲ್ಲಿ ರೇಣುಕಾಳ ಜೊತೆ ಶಾಂತಾ, ಮೈದುನ, ಕೂಲಿಗೆ ನೇಯುವ ಇಬ್ಬರು. ಎಲ್ಲರೂ ಮರ್ಯಾದೆಗೆ ಹಾಕಿಕೊಂಡರು, ಚಹಾ ಕೊಡುವಷ್ಟರಲ್ಲಿ ತೆಗೆದಿಟ್ಟರು. ಮಗ್ಗದ ಸದ್ದು ಬದಲಾದರೆ ಎಳೆ ಹರಿದಿದೆ ಎಂದು ಅರ್ಥ, ಅಡ್ಡನೂಲು ಒಯ್ಯುವ ಲಾಳಿ ಅಡ್ಡಾದಿಡ್ಡಿ ಹೊಡೆಯುತ್ತಿದೆ ಎಂದು ಅರ್ಥ. ಕಿವಿ ಮುಚ್ಚಿಕೊಂಡರೆ ಬಟ್ಟೆ ಕೆಡುತ್ತದೆ ಎಂದರು. ಪೊಟ್ಟಣವನ್ನು ಅಲ್ಲೇ ಬಿಟ್ಟು ಎದ್ದೆ. ಮರಳಿ ಬರುವಾಗ ಹುನಗುಂದದ ತನಕ ಬಸ್ಸಿನಲ್ಲಿ ತಲೆ ತಗ್ಗಿಸಿಕೊಂಡೇ ಕೂತಿದ್ದೆ.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ರೇಣುಕಾ ಒಬ್ಬಳೇ ಅಂಗಡಿಗೆ ಬಂದಳು. ಹೆಡ್‌ಫೋನ್, ಆಂಪ್ಲಿಫೈಯರ್ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಹಿಂತಿರುಗಿಸಲು ಬಂದಿದ್ದಾಳೆ ಎಂದುಕೊಂಡೆ. ಅವಳು ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟು, ತನ್ನ ಫೋನಿನಲ್ಲಿ ಹಾಡು ಹಚ್ಚಿ, ನನ್ನೆದುರು ಕೂತಳು.

"ನೀವು ಹಾಕ್ಕೋರಿ. ಅದರಾಗ ಏನೇನು ಬರ್ತೈತಿ, ಹೇಳ್ಕೋತ ಹೋಗ್ರಿ. ನಾ ನಿಮ್ಮ ಬಾಯಿ ನೋಡ್ತೇನಿ."

ಹೇಳಿದೆ. ಈಗ ಗಿಟಾರ್ ಒಂದೇ. ಈಗ ಡ್ರಮ್ ಸೇರಿತು. ಈಗ ಸಿಂಬಲ್ ಬಂತು, ಎಡಕ್ಕೆ ಒಂದು, ಬಲಕ್ಕೆ ಒಂದು. ಹೇಗಿದೆ ಎಂದು ಕೇಳಿದಳು. ಇಪ್ಪತ್ತೊಂಬತ್ತು ವರ್ಷ ಸದ್ದಿನ ಬಗ್ಗೆ ಊರವರಿಗೆಲ್ಲ ಉಪನ್ಯಾಸ ಕೊಟ್ಟವನಿಗೆ ಒಂದು ಕಂಚಿನ ತಟ್ಟೆಯ ಸದ್ದು ಹೀಗಿದೆ ಎಂದು ಹೇಳಲು ಮಾತು ಸಿಗಲಿಲ್ಲ. ಚೆನ್ನಾಗಿದೆ ಎಂದೆ. ಮತ್ತೂ ಚೆನ್ನಾಗಿದೆ ಎಂದೆ. ಕೊನೆಗೆ ಹಾಡು ಮುಗಿಯಿತು ಎಂದು ಸುಳ್ಳು ಹೇಳಿ ಹೆಡ್‌ಫೋನ್ ತೆಗೆದೆ.

ಅವಳ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಲೇ ಇದ್ದವು, ಒಂದು ಪೆಟ್ಟೂ ತಪ್ಪದೆ. "ಇನ್ನಾ ಮುಗದಿಲ್ಲರೀ" ಎಂದಳು. "ಸಿಂಬಲ್ ಇನ್ನೊಮ್ಮೆ ಬರೂದೈತಿ." ನಾನು ಮತ್ತೆ ಹಾಕಿಕೊಂಡೆ. ಅದು ಬಂತು. ಬಂತು ಎಂದು ತಲೆಯಾಡಿಸಿದೆ. ಅವಳು ಎದ್ದು, ಹೆಡ್‌ಫೋನನ್ನು ನನ್ನಲ್ಲೇ ಬಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೋದಳು. ಮತ್ತೆ ಬರಲಿಲ್ಲ.

ಈ ಕಸುಬು ನನಗೆ ಕಲಿಸಿದ ಪಾಠ ತಡವಾಗಿ ಬಂದ ಪಾಠ. ಹೆಡ್‌ಫೋನ್ ಆರಿಸುವ ಮೊದಲು ಕಿವಿಯನ್ನು ನೋಡಬೇಕು, ಅಷ್ಟೇ. ಈಗ ಯಾರು ಬಂದರೂ ನಾನು ಗೋಡೆಗೆ ಮುಖ ಮಾಡಿ, ಕೇಬಲ್ ಹುಡುಕುವ ನೆಪದಲ್ಲಿ, ಸಣ್ಣ ದನಿಯಲ್ಲಿ ಯಾವೂರು ಎಂದು ಕೇಳುತ್ತೇನೆ. ಉತ್ತರ ಬರದಿದ್ದರೆ ಮಾಲು ತೋರಿಸದೆ ತಜ್ಞೆಯ ವಿಳಾಸ ಬರೆದುಕೊಡುತ್ತೇನೆ. ಬಹುಪಾಲು ಮಂದಿ ಸಿಟ್ಟು ಮಾಡಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಕೊಂಡುಕೊಳ್ಳುತ್ತಾರೆ. ಹಾಗಾಗಿ ನಾನು ಯಾರನ್ನಾದರೂ ಉಳಿಸಿದ್ದೇನೆ ಎಂಬ ಭ್ರಮೆ ನನಗಿಲ್ಲ. ಆದರೂ ಕೇಳುತ್ತೇನೆ. ಒಮ್ಮೆ ಕೇಳಿ ಕಾಯುತ್ತೇನೆ, ಇನ್ನೊಮ್ಮೆ ಕೇಳಿ ಕಾಯುತ್ತೇನೆ, ಆಮೇಲೆ ತಿರುಗುತ್ತೇನೆ. ಕಿವಿ ಹೋದವರು, ನಾನು ಯಾವಾಗ ಮಾತಾಡುತ್ತೇನೋ ಎಂದು ನನ್ನ ಬಾಯಿಯನ್ನೇ ಕಾಯುತ್ತಾ ಕೂತಿರುತ್ತಾರೆ.