ಸಹಿಗೆ ಮುನ್ನ ಉಕ್ಕಿದ ಹಾಲು

2022ರ ಮೇ ತಿಂಗಳ ಒಂದು ಗುರುವಾರ, ಸಾಂತಾ ಫೆ ನಗರದಲ್ಲಿ ಅತಿಥಿಗಳಿಗೆ ಕೋಣೆ, ತಿಂಡಿ ಕೊಡುವ ಹಳೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಒಂದರ ಮಾರಾಟ ಸಹಿಗೆ ಒಂದು ದಿನ ಮೊದಲು ನಿಂತುಹೋಗುವುದರಲ್ಲಿತ್ತು. ಕಾರಣ, ಒಲೆಯ ಮೇಲೆ ಉಕ್ಕಿದ ಹಾಲು.

ನಾನು ಆಗ ಶಿಕಾಗೋ ಬಳಿಯ ಇಟಾಸ್ಕಾದಲ್ಲಿ, ಸಣ್ಣ ಹೋಟೆಲುಗಳನ್ನು ಕೊಳ್ಳುವವರಿಗೆ ಸಲಹೆಗಾರನಾಗಿದ್ದೆ. ನನ್ನ ಕಕ್ಷಿದಾರರು ಅಲ್ಲೇ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ವಸುಧಾ. ಮೈಸೂರಿನವರು, ವಿಮಾನ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ಫ್ರಂಟ್ ಡೆಸ್ಕ್ ನೋಡಿಕೊಳ್ಳುತ್ತಿದ್ದರು. ಈ ಖರೀದಿಗಾಗಿ ಆ ಕೆಲಸ ಬಿಟ್ಟಿದ್ದರು. ಮನೆಯಲ್ಲಿ ಯಾರಿಗೂ ಇದು ಒಪ್ಪಿಗೆ ಇರಲಿಲ್ಲ.

"ಮನೆಗೆ ನೆಂಟರು ಬಂದ್ರೆ ಗೊಣಗ್ತೀಯ, ಈಗ ಮನೆ ಕೊಂಡು ಗೆಸ್ಟ್ ಇಟ್ಕೋತೀಯಾ?" ಎಂದು ಪತಿ ಮೋಹನ್ ನನ್ನ ಕಚೇರಿಯಲ್ಲೇ ಕೇಳಿದ್ದರು.

"ಅವ್ರು ನಿಮ್ಮ ಕಡೆಯೋರು ರೀ. ಇವ್ರು ಚೆಕ್ ಔಟ್ ಆಗ್ತಾರೆ."

ನಾವು ಮೂವರೂ ಶಿಕಾಗೋದಿಂದ ಸಾಂತಾ ಫೆಗೆ ಬಂದಿದ್ದೆವು; ಗುರುವಾರ ವಾಕ್-ಥ್ರೂ ಇತ್ತು. ಸಹಿಗೆ ಮುನ್ನ ಕೊಳ್ಳುವವರು ಕಟ್ಟಡವನ್ನು ಕೊನೆಯ ಬಾರಿ ನೋಡುವುದಕ್ಕೆ ಹಾಗೆನ್ನುತ್ತಾರೆ. ನೋಡಬಹುದು, ಬಳಸುವಂತಿಲ್ಲ. ಆದರೆ ಪುರೋಹಿತರು ಫೋನಿನಲ್ಲಿ ಕೊಟ್ಟಿದ್ದ ಮುಹೂರ್ತ ಅದೇ ಬೆಳಗ್ಗೆ ಬಿತ್ತು. ಹೇಗೂ ಮನೆಯೊಳಗೆ ಕಾಲಿಡುತ್ತಿದ್ದೇವೆ, ಅದೇ ಗೃಹಪ್ರವೇಶ ಎಂದುಕೊಂಡರು ವಸುಧಾ. ನಾನು ಮೋಹನ್ ಜೊತೆ ಹಿತ್ತಿಲಿನಲ್ಲಿ ಬಾಯ್ಲರ್ ನೋಡುತ್ತಿದ್ದಾಗ ಅವರು ಅಡುಗೆಮನೆಯಲ್ಲಿ ಹಾಲಿಟ್ಟು ಉಕ್ಕಿಸಿದರು. ಬರ್ನರ್ ಮೇಲೆ ಚೆಲ್ಲಿದ ಹಾಲು ಸುಟ್ಟು ಹೊಗೆ ತುಂಬಿತು. ಅಲಾರಂ ಕೂಗಿತು. ಅತಿಥಿಗಳು ನೈಟ್ ಡ್ರೆಸ್ಸಿನಲ್ಲೇ ಅಂಗಳಕ್ಕೆ ಓಡಿಬಂದರು.

ಮಾಲೀಕರಾದ ಮಾರ್ಗರೆಟ್ ಆ ಮನೆಯನ್ನು ದಶಕಗಳಿಂದ ನಡೆಸಿದವರು. "ಇದು ಇನ್ನೂ ನನ್ನ ಒಲೆ. ತಪ್ಪಾಯಿತೆಂದು ಬರೆದುಕೊಡಿ, ಇಲ್ಲವಾದರೆ ಒಪ್ಪಂದ ರದ್ದು" ಎಂದರು. ಒಪ್ಪಂದದ ಪ್ರಕಾರ ಆ ಹಕ್ಕು ಅವರಿಗಿತ್ತು.

"ಬರ್ಕೊಟ್ಬಿಡೇ, ಏನ್ ಹೋಗತ್ತೆ?" ಎಂದರು ಮೋಹನ್. ನಾನೂ ಅದನ್ನೇ ಹೇಳಿದೆ.

ವಸುಧಾ ಮಾರ್ಗರೆಟ್ ಕಡೆ ತಿರುಗಿದರು. "ಹೊಗೆಗೆ ಸಾರಿ. ಹಾಲಿಗೆ ಸಾರಿ ಹೇಳಲ್ಲ."

ಮಾರ್ಗರೆಟ್ ತಮ್ಮ ವಕೀಲರಿಗೆ ಫೋನ್ ಮಾಡಲು ಒಳಗೆ ಹೊರಟರು. ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಹಿರಿಯರೊಬ್ಬರು ಕಣ್ಣುಜ್ಜಿಕೊಳ್ಳುತ್ತಾ ಬಂದು, ಎಲ್ಲರೂ ಹೊರಗೇಕೆ ನಿಂತಿದ್ದೀರಿ ಎಂದು ಕೇಳಿದರು. ಅವರ ಕೋಣೆಯಲ್ಲಿ ಅಲಾರಂ ಕೂಗಿಯೇ ಇರಲಿಲ್ಲ. ಒಂದು ಕೂಗಿದರೆ ಎಲ್ಲ ಕೋಣೆಗಳಲ್ಲೂ ಕೂಗಬೇಕು. ಅಲಾರಂಗಳೆಲ್ಲವೂ ಸರಿಯಿವೆ ಎಂದು ಮಾರ್ಗರೆಟ್ ಲಿಖಿತವಾಗಿ ತಿಳಿಸಿದ್ದರು. ನಾನು ಅದನ್ನು ಅವರಿಗೆ ನೆನಪಿಸಿದೆ. ಅವರು ಫೋನ್ ಕೆಳಗಿಟ್ಟರು.

"ಈಗ ಕ್ಯಾನ್ಸಲ್ ಮಾಡೋ ಹಕ್ಕು ನಮಗೂ ಬಂತು!" ಎಂದರು ಮೋಹನ್. ಅವರ ಮುಖದಲ್ಲಿ ಆಸೆಯಿತ್ತು.

"ಕ್ಯಾನ್ಸಲ್ ಯಾಕ್ರೀ? ಅಲಾರಂ ಹಾಕಿಸ್ಲಿ, ನಾಳೆ ಸೈನ್ ಮಾಡೋಣ." ಆಮೇಲೆ ವಸುಧಾ ಮಾರ್ಗರೆಟ್‌ಗೆ ಹೇಳಿದರು: "ನಾಳೆ ಇದೇ ಒಲೆ ಮೇಲೆ ಮತ್ತೆ ಹಾಲುಕ್ಕಿಸ್ತೀನಿ. ಆಗ ಒಲೆ ನಂದಾಗಿರತ್ತೆ."

ಮಾರ್ಗರೆಟ್ ತಪ್ಪೊಪ್ಪಿಗೆಯ ಮಾತನ್ನು ಮತ್ತೆ ಎತ್ತಲಿಲ್ಲ. "ಕಿಟಕಿ ತೆರೆದಿಡಿ" ಎಂದರು.

ಸಂಜೆ ಎಲೆಕ್ಟ್ರಿಷಿಯನ್ ಬಂದು ಹಿಂದಿನ ಕೋಣೆಗೆ ಹೊಸ ಅಲಾರಂ ಹಾಕಿದ. ಶುಕ್ರವಾರ ಎರಡೂ ಕಡೆಯವರು ಸಹಿ ಮಾಡಿದರು. ತಿಂಗಳೊಳಗೆ ಮೋಹನ್ ಗ್ಲೆಂಡೇಲ್ ಹೈಟ್ಸ್‌ನ ಮನೆಯನ್ನು ಬಾಡಿಗೆಗೆ ಕೊಟ್ಟು ಸಾಂತಾ ಫೆಗೆ, ವಸುಧಾ ಬಳಿಗೆ ಹೋದರು.

ಈ ವರ್ಷ ಅದೇ ಬೀದಿಯ ಇನ್ನೊಂದು ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮಾರಾಟಕ್ಕೆ ಬಂದಿದೆ. ಅದನ್ನೂ ಕೊಳ್ಳಲು ವಸುಧಾ ಆಫರ್ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.